ಗೇಟಿನ ಹೊರಗಿದ್ದವರಿಗೆ ಯಾರು ಹೇಳಬೇಕಿತ್ತು? ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ತುರ್ತು ಸೂಚನಾ ವ್ಯವಸ್ಥೆಯ ಆಯ್ಕೆ: ಒಂದು ಪ್ರಕರಣ ಅಧ್ಯಯನ

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ತಂಡವನ್ನು ಆರು ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತು. ಹದಿನೆಂಟು ಆವೃತ್ತಿಗಳ ಕಾಯುವಿಕೆ ಮುಗಿದಿತ್ತು. ಮರುದಿನ ಮಧ್ಯಾಹ್ನ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನಡೆದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹದಿಹರೆಯದವರು ಮತ್ತು ಇಪ್ಪತ್ತರ ಹರೆಯದವರೇ ಹೆಚ್ಚು.

ಯಾರ ತಪ್ಪು ಎಷ್ಟು ಎಂಬುದನ್ನು ನ್ಯಾಯಾಲಯಗಳು ನಿರ್ಧರಿಸಬೇಕು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹ ಅವರ ಆಯೋಗ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಭಾರೀ ಜನಸಂದಣಿಯ ಕಾರ್ಯಕ್ರಮಗಳಿಗೆ ಈ ಕ್ರೀಡಾಂಗಣದ ವಿನ್ಯಾಸವೇ ಸುರಕ್ಷಿತವಲ್ಲ ಎಂದು ಅದರಲ್ಲಿ ಹೇಳಲಾಗಿದೆ. ನಾನು ಇಲ್ಲಿ ಎತ್ತಿಕೊಳ್ಳುವ ಪ್ರಶ್ನೆ ಅದಕ್ಕಿಂತ ಕಿರಿದು. ಇಂಥ ಸ್ಥಳಕ್ಕೆ ತುರ್ತು ಸಂದರ್ಭದಲ್ಲಿ ಸಾವಿರಾರು ಜನರಿಗೆ ಒಮ್ಮೆಲೇ ಮಾಹಿತಿ ತಲುಪಿಸುವ ವ್ಯವಸ್ಥೆಯೊಂದನ್ನು ಕೊಳ್ಳಬೇಕಾಗಿದೆ ಎಂದುಕೊಳ್ಳೋಣ. ಜೂನ್ 4ರ ಮಧ್ಯಾಹ್ನವನ್ನೇ ಅದಕ್ಕೆ ಪರೀಕ್ಷೆಯಾಗಿ ಇಟ್ಟರೆ ಯಾವುದು ಪಾಸಾಗುತ್ತದೆ, ಯಾವುದು ಫೇಲಾಗುತ್ತದೆ?

ಈ ಪ್ರಶ್ನೆ ಚಿನ್ನಸ್ವಾಮಿಗೆ ಮಾತ್ರ ಸೇರಿದ್ದಲ್ಲ. ಜಿಲ್ಲಾ ಕ್ರೀಡಾಂಗಣ, ಜಾತ್ರೆಯ ಮೈದಾನ, ಸಾವಿರ ಜನ ಹಿಡಿಸುವ ಕಲ್ಯಾಣ ಮಂಟಪ ನಡೆಸುವವರೂ ಇದನ್ನು ಕೇಳಿಕೊಳ್ಳಬೇಕು. ಆದರೆ ಒಂದೇ ಸ್ಥಳವನ್ನು ಹಿಡಿದು, ಅದರ ರಸ್ತೆ ಗೇಟುಗಳ ಸಮೇತ ಯೋಚಿಸಿದಾಗ ಮಾತ್ರ ಉತ್ತರಕ್ಕೆ ಸ್ಪಷ್ಟ ರೂಪ ಬರುತ್ತದೆ.

ಆ ದಿನ ಯಾರು ಯಾರಿಗೆ ಏನು ಹೇಳಿದರು

ಜೂನ್ 4ರಂದು ಮಾಹಿತಿಗೆ ಕೊರತೆ ಇರಲಿಲ್ಲ. ರಾಜ್ಯ ಸರ್ಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, ತಂಡದ ಸಾಮಾಜಿಕ ಜಾಲತಾಣ ಖಾತೆಯಿಂದ ಬೆಳಿಗ್ಗೆ 7.01ಕ್ಕೆ ಮೊದಲ ಆಹ್ವಾನ ಹೊರಟಿತು. 8 ಗಂಟೆಗೆ ಇನ್ನೊಂದು ಬಂತು. 8.55ಕ್ಕೆ ವಿರಾಟ್ ಕೊಹ್ಲಿ ಅವರ ವಿಡಿಯೊ ಪ್ರಕಟವಾಯಿತು. ಈ ಪೋಸ್ಟುಗಳನ್ನು ಒಟ್ಟು 44 ಲಕ್ಷಕ್ಕೂ ಹೆಚ್ಚು ಬಾರಿ ನೋಡಲಾಗಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಂಚಾರ ಪೊಲೀಸರು ವಿಜಯೋತ್ಸವದ ಮೆರವಣಿಗೆ ಇಲ್ಲವೆಂದು ತಿಳಿಸಿದರು. 3.14ಕ್ಕೆ ತಂಡದ ಖಾತೆಯಿಂದ ಮತ್ತೊಂದು ಪೋಸ್ಟ್ ಬಂತು. ಸಂಜೆ ಐದಕ್ಕೆ ಮೆರವಣಿಗೆ, ಬಳಿಕ ಕ್ರೀಡಾಂಗಣದಲ್ಲಿ ಸಂಭ್ರಮ, ಸೀಮಿತ ಸಂಖ್ಯೆಯ ಉಚಿತ ಪಾಸುಗಳು ಜಾಲತಾಣದಲ್ಲಿ ಲಭ್ಯ ಎಂಬುದು ಅದರ ಸಾರಾಂಶ.

ಆ ಹೊತ್ತಿಗೆ ಕಬ್ಬನ್ ರಸ್ತೆ, ಕ್ವೀನ್ಸ್ ರಸ್ತೆ, ಎಂ.ಜಿ. ರಸ್ತೆಗಳಲ್ಲಿ ಜನ ತುಂಬಿ ಹೋಗಿದ್ದರು. ಕ್ರೀಡಾಂಗಣದಲ್ಲಿ ಸುಮಾರು 35,000 ಜನರಿಗೆ ಜಾಗವಿದೆ, ಎರಡು ಮೂರು ಲಕ್ಷ ಜನ ಬಂದಿದ್ದರು ಎಂದು ಮುಖ್ಯಮಂತ್ರಿ ಹೇಳಿದರು. ಆ ದಿನ ನಮ್ಮ ಮೆಟ್ರೊದಲ್ಲಿ 9.66 ಲಕ್ಷ ಪ್ರಯಾಣಗಳು ದಾಖಲಾದವು. ಅಲ್ಲಿಯವರೆಗೆ ಅದೇ ದಾಖಲೆ. ಕ್ರೀಡಾಂಗಣಕ್ಕೆ ಅತಿ ಹತ್ತಿರದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮತ್ತು ವಿಧಾನಸೌಧದ ನಿಲ್ದಾಣದಲ್ಲಿ ರೈಲುಗಳು ನಿಲ್ಲುವುದಿಲ್ಲ ಎಂಬ ತೀರ್ಮಾನ ಬಂದದ್ದು ಸಂಜೆ 4.30ರ ಹೊತ್ತಿಗೆ.

ಈ ಸಂದೇಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಬನ್ನಿ ಎಂದು ಕರೆಯುವುದಕ್ಕೆ ಲಕ್ಷಾಂತರ ಜನರನ್ನು ಕ್ಷಣಮಾತ್ರದಲ್ಲಿ ಮುಟ್ಟುವ ದಾರಿ ಇತ್ತು. ನಿಲ್ಲಿ, ಹಿಂದಕ್ಕೆ ಹೋಗಿ ಎನ್ನುವುದಕ್ಕೆ ಗೇಟಿನಲ್ಲಿದ್ದ ಪೊಲೀಸರ ಕಂಠ ಮತ್ತು ಲಾಠಿಯ ಹೊರತಾಗಿ ಹೆಚ್ಚೇನೂ ಇರಲಿಲ್ಲ. ಎಲ್ಲ ಸಂದೇಶಗಳೂ ಬೇರೆ ಬೇರೆ ಬಾಯಿಗಳಿಂದ ಬಂದವು. ಒಬ್ಬರು ಮೆರವಣಿಗೆ ಇಲ್ಲ ಎಂದರು, ಇನ್ನೊಬ್ಬರು ಇದೆ ಎಂದರು. ರಸ್ತೆಯಲ್ಲಿ ನಿಂತ ಇಪ್ಪತ್ತು ವರ್ಷದ ಹುಡುಗ ಯಾರನ್ನು ನಂಬಬೇಕು? ತಾನು ಪ್ರೀತಿಸುವ ತಂಡವನ್ನೇ ನಂಬುತ್ತಾನೆ.

ಇದೇ ಕ್ರೀಡಾಂಗಣದಲ್ಲಿ ಹದಿನೈದು ವರ್ಷಗಳ ಹಿಂದೆಯೂ ಎಚ್ಚರಿಕೆಯ ಪ್ರಸಂಗವೊಂದು ನಡೆದಿತ್ತು. 2010ರ ಏಪ್ರಿಲ್ 17ರಂದು ಬೆಂಗಳೂರು ಮತ್ತು ಮುಂಬೈ ತಂಡಗಳ ಪಂದ್ಯಕ್ಕೆ ಮುನ್ನ ಗೋಡೆಯಾಚೆ ಕಡಿಮೆ ತೀವ್ರತೆಯ ಬಾಂಬುಗಳು ಸ್ಫೋಟಿಸಿ ಹಲವರು ಗಾಯಗೊಂಡರು. ಪಂದ್ಯ ಸುಮಾರು ಒಂದು ಗಂಟೆ ತಡವಾಗಿ ಶುರುವಾಯಿತು. ಆಗಿನ ಸಮಸ್ಯೆ ಒಳಗೆ ಕುಳಿತವರದು: ಸಾವಿರಾರು ಜನರಿಗೆ ಗಾಬರಿಯಾಗದಂತೆ ಹೇಗೆ ಹೇಳುವುದು? 2025ರಲ್ಲಿ ಸಮಸ್ಯೆ ಹೊರಗೆ ನಿಂತವರದು. ಒಂದೇ ವ್ಯವಸ್ಥೆ ಇವೆರಡಕ್ಕೂ ಉತ್ತರ ಕೊಡಬೇಕು.

ಮುಂದಿದ್ದವರಿಗೆ ಹೇಳಿದರೆ ಪ್ರಯೋಜನವಿಲ್ಲ

ಯಂತ್ರೋಪಕರಣದ ಮಾತಿಗೆ ಹೋಗುವ ಮೊದಲು ಜನಸಂದಣಿ ಹೇಗೆ ಕೊಲ್ಲುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಮಾಡಿದ ಖರೀದಿ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಕಾಲಡಿಗೆ ಸಿಕ್ಕಿ ಅಲ್ಲ, ಎದೆ ಅದುಮಿ ಉಸಿರು ಕಟ್ಟಿ. ಎಷ್ಟೋ ಜನ ನಿಂತಲ್ಲೇ ಪ್ರಾಣ ಬಿಡುತ್ತಾರೆ. ಜನಸಂದಣಿಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರುಯಿನ್ ಪ್ರಕಾರ, ಒಂದು ಚದರ ಮೀಟರಿಗೆ ಸುಮಾರು ಏಳು ಜನ ಸೇರಿದರೆ ಗುಂಪು ಮನುಷ್ಯರ ಗುಂಪಾಗಿ ಉಳಿಯುವುದಿಲ್ಲ. ದ್ರವದ ಹಾಗೆ ವರ್ತಿಸುತ್ತದೆ. ಒಂದು ಕಡೆಯ ತಳ್ಳು ಅಲೆಯಾಗಿ ಇನ್ನೊಂದು ಕಡೆಗೆ ಹರಿಯುತ್ತದೆ. ಆ ಸ್ಥಿತಿಯಲ್ಲಿ ಯಾರಿಗೂ ತಮ್ಮ ಕಾಲಿನ ಮೇಲೆ ಹಿಡಿತವಿರುವುದಿಲ್ಲ. ಇಂಥ ದುರಂತಗಳ ಕಾರಣಗಳನ್ನು ಅವರು ಬಲ, ಮಾಹಿತಿ, ಜಾಗ, ಸಮಯ ಎಂದು ನಾಲ್ಕಾಗಿ ವಿಂಗಡಿಸಿದರು. ಮಾಹಿತಿಯನ್ನು ಬಲದ ಪಕ್ಕದಲ್ಲೇ ಇಟ್ಟದ್ದಕ್ಕೆ ಕಾರಣವಿದೆ. ಹಿಂದೆ ನಿಂತವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಗೇಟು ತೆರೆಯಿತೇನೋ ಎಂದುಕೊಂಡು ಅರ್ಧ ಹೆಜ್ಜೆ ಮುಂದಿಡುತ್ತಾನೆ. ಅಂಥ ಸಾವಿರ ಅರ್ಧ ಹೆಜ್ಜೆಗಳ ಒಟ್ಟು ಭಾರ ಗೇಟಿನ ಕಂಬಿಗೆ ಒತ್ತಿಕೊಂಡ ಹುಡುಗಿಯ ಎದೆಯ ಮೇಲೆ ಬೀಳುತ್ತದೆ.

1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 97 ಜನರ ಸಾವಿಗೆ ಕಾರಣವಾದ ಒತ್ತಡವೂ ಇದೇ ಬಗೆಯದು. ಹಿಂದಿನಿಂದ ಸುರಂಗದೊಳಗೆ ಬರುತ್ತಲೇ ಇದ್ದವರಿಗೆ ಮುಂದೆ ಜನ ನಲುಗುತ್ತಿರುವುದು ಗೊತ್ತಿರಲಿಲ್ಲ.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಎಚ್ಚರಿಕೆ ತಲುಪಬೇಕಾದದ್ದು ಗೇಟಿಗೆ ಹತ್ತಿರವಿರುವವರಿಗಲ್ಲ, ಗೇಟಿನಿಂದ ದೂರವಿರುವವರಿಗೆ. ಗೇಟಿನ ಮುಂದೆ ಇರುವವನಿಗೆ ಹಿಂದಕ್ಕೆ ಹೋಗಿ ಎಂದು ಎಷ್ಟು ಸ್ಪಷ್ಟವಾಗಿ ಹೇಳಿದರೂ ಅವನು ಹೋಗಲಾರ. ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಕ್ರೀಡಾಂಗಣದ ಸಮೀಪದ ಮಿನ್ಸ್ಕ್ ಚೌಕದ ಕಡೆಗೆ ಈಗಷ್ಟೇ ಬರುತ್ತಿರುವವನು, ಅಲ್ಲೇ ಹತ್ತಿರದ ಅನಿಲ್ ಕುಂಬ್ಳೆ ವೃತ್ತದಲ್ಲಿ ಸ್ನೇಹಿತರಿಗಾಗಿ ಕಾಯುತ್ತಿರುವವನು ತಿರುಗಿ ಹೋಗಬಲ್ಲರು. ಅವರು ತಿರುಗಿದರೆ ಮಾತ್ರ ಮುಂದಿನವನಿಗೆ ಉಸಿರಾಡಲು ಜಾಗ ಸಿಗುತ್ತದೆ.

ಎರಡನೆಯದು ಸಮಯದ್ದು. ಹತ್ತು ಮೀಟರ್ ಅಗಲ, ಐವತ್ತು ಮೀಟರ್ ಉದ್ದದ ಒಂದು ರಸ್ತೆಯ ತುಂಡನ್ನು ತೆಗೆದುಕೊಳ್ಳಿ: 500 ಚದರ ಮೀಟರ್. ಚದರ ಮೀಟರಿಗೆ ನಾಲ್ಕರಂತೆ ಅಲ್ಲಿ 2,000 ಜನ ನಿಂತರೆ ಇರುಸುಮುರುಸಾಗುತ್ತದೆ, ಆದರೆ ಇನ್ನೂ ಕೈಕಾಲು ಆಡುತ್ತವೆ. ಏಳರಂತೆ 3,500 ಆದರೆ ಸಾವು. ನಡುವಿನ ಅಂತರ 1,500 ಜನ. ಆರು ಬೋಗಿಯ ಒಂದು ಮೆಟ್ರೊ ರೈಲು ಕಿಕ್ಕಿರಿದು ಬಂದು ಖಾಲಿಯಾದರೆ ಹೆಚ್ಚುಕಡಿಮೆ ಅಷ್ಟೇ ಜನ ಇಳಿಯುತ್ತಾರೆ. ಆದ್ದರಿಂದ ಯಾರಾದರೂ ಬಿದ್ದ ಮೇಲೆ ಮೊಳಗುವ ಎಚ್ಚರಿಕೆಯಿಂದ ಪ್ರಯೋಜನವಿಲ್ಲ. ಸಾಂದ್ರತೆ ನಾಲ್ಕನ್ನು ಮುಟ್ಟಿದಾಗಲೇ ಅದು ಮೊಳಗಬೇಕು. ಹಾಗಿದ್ದರೆ ಸಾಂದ್ರತೆಯನ್ನು ಯಾರೋ ಒಬ್ಬರು ಅಳೆಯುತ್ತಲೇ ಇರಬೇಕು. ಪೊಲೀಸ್ ಆಯುಕ್ತರ ಕಚೇರಿ ಇರುವ ಇನ್‌ಫೆಂಟ್ರಿ ರಸ್ತೆ ಕ್ರೀಡಾಂಗಣದಿಂದ ಕೂಗಳತೆಯ ದೂರದಲ್ಲಿದೆ. ಅಲ್ಲಿನ ಕಮಾಂಡ್ ಸೆಂಟರಿಗೆ ನಗರದ ಸಾವಿರಾರು ಕ್ಯಾಮೆರಾಗಳ ಚಿತ್ರ ಬರುತ್ತದೆ. ನೋಡುವ ಕಣ್ಣು ಇದೆ. ನೋಡಿದ್ದನ್ನು ರಸ್ತೆಯಲ್ಲಿ ನಿಂತವನ ಕಿವಿಗೆ ಮುಟ್ಟಿಸುವ ಬಾಯಿಯನ್ನು ಕೂಡಿಸಬೇಕು.

ಒಂದೊಂದನ್ನೂ ತೂಗಿ ನೋಡಿದರೆ

ಸಾಮೂಹಿಕ ಸೂಚನೆಯ ವ್ಯವಸ್ಥೆ ಬೆಂಕಿಯ ಅಲಾರಂಗಿಂತ ಬೇರೆಯದು ಎಂಬ ತಿಳಿವಳಿಕೆ ಬಲವಾಗಿ ಬೇರೂರಿದ್ದು 1996ರಲ್ಲಿ ಸೌದಿ ಅರೇಬಿಯಾದ ಖೋಬರ್ ಟವರ್ಸ್ ಸ್ಫೋಟದ ನಂತರ. ಅಲ್ಲಿ ಅಮೆರಿಕದ 19 ವಾಯುಪಡೆ ಸಿಬ್ಬಂದಿ ಸತ್ತರು. ಅನುಮಾನಾಸ್ಪದ ಟ್ಯಾಂಕರನ್ನು ಮಾಳಿಗೆಯಿಂದ ಕಂಡ ಕಾವಲುಗಾರರು ಮಹಡಿಯಿಂದ ಮಹಡಿಗೆ ಓಡಿ ಬಾಗಿಲು ಬಡಿಯಬೇಕಾಯಿತು. ಆಮೇಲೆ ರೂಪುಗೊಂಡ ಅಮೆರಿಕದ ನಿಯಮಗಳು, ಮುಖ್ಯವಾಗಿ ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 72 ಮಾನದಂಡ, ಸೂಚನೆಯನ್ನು ವೃತ್ತಗಳಾಗಿ ನೋಡುತ್ತವೆ: ಕಟ್ಟಡದ ಒಳಗಿನ ಜನ, ಹೊರಗಿನ ಬಯಲಿನ ಜನ, ದೂರದಲ್ಲಿ ಕೈಯಲ್ಲಿ ಫೋನ್ ಹಿಡಿದ ಜನ. ಉಪಕರಣಕ್ಕೂ ಮೊದಲು ಆ ಸ್ಥಳದ ಅಪಾಯಗಳ ವಿಶ್ಲೇಷಣೆ ಆಗಬೇಕು ಎನ್ನುವುದು ಆ ಮಾನದಂಡದ ಒಳ್ಳೆಯ ಅಂಶ. ನಮ್ಮಲ್ಲಿ ಟೆಂಡರುಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಇಷ್ಟು ಸ್ಪೀಕರ್, ಇಷ್ಟು ವಾಟ್ ಎಂದು ಶುರುವಾಗುತ್ತವೆ.

ಸೈರನ್‌ನಿಂದ ಆರಂಭಿಸೋಣ. ಅಗ್ಗ, ಗಟ್ಟಿ, ದೂರಕ್ಕೆ ಕೇಳುತ್ತದೆ. ಆದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಮಾನ್ಯುಮೆಂಟ್ ಸುರಂಗ ನಿಲ್ದಾಣದಲ್ಲಿ ಪ್ರೂ ಮತ್ತು ಸೈಮ್ ಎಂಬ ಸಂಶೋಧಕರು ನಡೆಸಿದ ತೆರವು ಪ್ರಯೋಗದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಬರೀ ಗಂಟೆ ಬಾರಿಸಿದಾಗ ಜನ ಕದಲಲಿಲ್ಲ. ಕ್ಯಾಮೆರಾದಲ್ಲಿ ನೋಡುತ್ತಾ, ಏನಾಗಿದೆ, ಎಲ್ಲಿಗೆ ಹೋಗಬೇಕು ಎಂದು ಧ್ವನಿವರ್ಧಕದಲ್ಲಿ ನೇರವಾಗಿ ಹೇಳಿದಾಗ ಬೇಗನೆ ಹೊರಟರು. ಜೂನ್ 4ರಂದು ಕ್ವೀನ್ಸ್ ರಸ್ತೆಯಲ್ಲಿ ಸೈರನ್ ಕೂಗಿದ್ದರೆ ಜನ ಅದನ್ನು ತಂಡದ ಬಸ್ಸಿನ ಬೆಂಗಾವಲು ಎಂದುಕೊಂಡು ಇನ್ನಷ್ಟು ಮುಂದಕ್ಕೆ ನುಗ್ಗುತ್ತಿದ್ದರು ಎಂಬ ಭಯ ನನಗಿದೆ. ಸೈರನ್ ಬೇಡ.

ಮೊಬೈಲ್ ಆ್ಯಪ್ ಮಾರುವವರು ಅತಿ ಹೆಚ್ಚು. ಟಿಕೆಟ್ ಕೊಂಡವರ ಫೋನಿಗೆ ಆ್ಯಪ್ ಮೂಲಕ ಸೂಚನೆ ಕಳುಹಿಸಬಹುದು ಎನ್ನುತ್ತಾರೆ. ಒಳಗೆ ಕುಳಿತ ಟಿಕೆಟ್‌ದಾರರಿಗೆ ಅದು ಸರಿ. ಹೊರಗೆ ನಿಂತ ಲಕ್ಷ ಜನರಲ್ಲಿ ಹೆಚ್ಚಿನವರ ಬಳಿ ಪಾಸೇ ಇರಲಿಲ್ಲ. ಆ್ಯಪ್ ಇಲ್ಲದವರು, ಹೆಸರು ನೋಂದಾಯಿಸದವರು, ಅಕ್ಕನ ಫೋನ್ ಹಿಡಿದು ಬಂದ ಶಾಲಾ ಹುಡುಗರು ಇವರೇ ಅಪಾಯದಲ್ಲಿದ್ದವರು. ಜೊತೆಗೆ ಅಷ್ಟು ಜನ ಒಂದೇ ಕಡೆ ಸೇರಿದಾಗ ಡೇಟಾ ಸಂಪರ್ಕ ಸ್ಥಗಿತವಾಗುವುದನ್ನು ಕ್ರೀಡಾಂಗಣಕ್ಕೆ ಹೋದವರೆಲ್ಲ ಬಲ್ಲರು.

ಎಸ್‌ಎಂಎಸ್‌ಗೆ ಇನ್ನೂ ಎರಡು ತೊಡಕುಗಳಿವೆ. ಸಂಸ್ಥೆಗಳು ಕಳುಹಿಸುವ ಸಂದೇಶದ ಮಾದರಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ದೂರಸಂಪರ್ಕ ಕಂಪನಿಗಳಲ್ಲಿ ಮೊದಲೇ ನೋಂದಾಯಿಸಿರಬೇಕು. ಆ ಗಳಿಗೆಯಲ್ಲಿ ಹೊಸ ವಾಕ್ಯ ಬರೆದು ಸಾವಿರಾರು ಜನರಿಗೆ ಕಳುಹಿಸಲು ಬರುವುದಿಲ್ಲ. ಇನ್ನೊಂದು ನಮ್ಮ ಲಿಪಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70. ಆ 70ರಲ್ಲೂ ಒತ್ತು, ಗುಣಿತದ ಚಿಹ್ನೆ, ಅನುಸ್ವಾರ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಕ್ರೀಡಾಂಗಣ' ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರದ ಎಣಿಕೆಯಲ್ಲಿ ಒಂಬತ್ತು. ಗೇಟು ಮುಚ್ಚಿದೆ, ಯಾವ ಕಡೆಗೆ ನಡೆಯಬೇಕು ಎಂಬೆರಡು ಮಾತು ಹೇಳುವಷ್ಟರಲ್ಲಿ ಸಂದೇಶ ಎರಡು ತುಂಡಾಗಿರುತ್ತದೆ. ಆದ್ದರಿಂದ ಎಸ್‌ಎಂಎಸ್ ಅನ್ನು ಸಿಬ್ಬಂದಿ ಮತ್ತು ಸ್ವಯಂಸೇವಕರಿಗೆ ಮಾತ್ರ ಇಟ್ಟುಕೊಳ್ಳಬೇಕು.

ಸೆಲ್ ಬ್ರಾಡ್‌ಕಾಸ್ಟ್ ಇದಕ್ಕಿಂತ ಪೂರ್ತಿ ಬೇರೆ. 2023ರಲ್ಲಿ ದೇಶದ ಎಲ್ಲೆಡೆ ಫೋನುಗಳು ಒಮ್ಮೆಲೇ ವಿಚಿತ್ರ ಸದ್ದಿನೊಂದಿಗೆ ಕಂಪಿಸಿ ಪರೀಕ್ಷಾ ಸಂದೇಶ ತೋರಿಸಿದ್ದು ನಿಮಗೆ ನೆನಪಿರಬಹುದು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಅಭಿವೃದ್ಧಿಪಡಿಸಿದ ವ್ಯವಸ್ಥೆ ಅದು. ಇದಕ್ಕೆ ಯಾರ ಫೋನ್ ನಂಬರೂ ಬೇಕಿಲ್ಲ. ಆಯ್ದ ಟವರುಗಳ ವ್ಯಾಪ್ತಿಯಲ್ಲಿ ಸಂದೇಶ ಬಿತ್ತರವಾಗುತ್ತದೆ, ಅಲ್ಲಿರುವ ಫೋನುಗಳೆಲ್ಲ ಒಟ್ಟಿಗೆ ಅದನ್ನು ಹಿಡಿಯುತ್ತವೆ. ಒಬ್ಬನಿದ್ದರೂ ಒಂದು ಲಕ್ಷ ಜನರಿದ್ದರೂ ಜಾಲದ ಮೇಲೆ ಬೀಳುವ ಹೊರೆ ಒಂದೇ. ದಾರಿಯ ಟವರುಗಳನ್ನೂ ಆಯ್ದುಕೊಂಡರೆ ಬೆಂಗಳೂರಿನ ಹೊರವಲಯದಿಂದ ಮೆಟ್ರೊ ಹತ್ತಿ ಬರುತ್ತಿರುವವನಿಗೂ ಇದು ಮುಟ್ಟುತ್ತದೆ.

ಆದರೆ ಇದನ್ನು ಕ್ರೀಡಾಂಗಣ ಕೊಳ್ಳಲಾರದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವೇದಿಕೆಯ ಮೂಲಕ ಅಧಿಕೃತ ಸರ್ಕಾರಿ ಸಂಸ್ಥೆಗಳು ಮಾತ್ರ ಎಚ್ಚರಿಕೆ ಹೊರಡಿಸಬಲ್ಲವು. ಹೀಗಾಗಿ ಇಲ್ಲಿ ಕೊಳ್ಳಬೇಕಾದದ್ದು ಯಂತ್ರವಲ್ಲ, ಒಪ್ಪಂದ. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಪೊಲೀಸರು, ಕ್ರೀಡಾಂಗಣ ಮೂವರೂ ಕುಳಿತು, ಕಬ್ಬನ್ ಪಾರ್ಕ್ ಸುತ್ತಲಿನ ಯಾವ ಟವರುಗಳು, ಯಾವ ಮಾತುಗಳು, ಯಾರ ಕರೆ ಬಂದರೆ ಎಷ್ಟು ನಿಮಿಷದಲ್ಲಿ ಎಂದು ಪ್ರತಿ ದೊಡ್ಡ ಕಾರ್ಯಕ್ರಮಕ್ಕೆ ಮುಂಚೆ ಬರೆದಿಟ್ಟುಕೊಳ್ಳಬೇಕು. ಹಾಗಿದ್ದರೂ ಫೋನು ಜೇಬಿನಲ್ಲೋ ತಲೆಯ ಮೇಲೆತ್ತಿದ ಕೈಯಲ್ಲಿ ವಿಡಿಯೊ ತೆಗೆಯುವುದರಲ್ಲೋ ಇರುತ್ತದೆ ಎಂಬುದನ್ನು ಮರೆಯಬಾರದು. ಇದು ಎರಡನೆಯ ಸಾಲಿನ ಸಾಧನ.

ಮೊದಲ ಸಾಲಿನಲ್ಲಿ ನಾನು ಇಡುವುದು ಧ್ವನಿಯನ್ನು: ಮನುಷ್ಯರ ಜೀವಂತ ಧ್ವನಿ, ಅದಕ್ಕೆ ಜೊತೆಯಾಗಿ ದೊಡ್ಡ ಎಲ್‌ಇಡಿ ಫಲಕ. ಹಣದ ಬಹುಪಾಲು ಇಲ್ಲೇ ಹೋಗಬೇಕು.

ಗದ್ದಲದ ನಡುವೆ ಮಾತು ಅರ್ಥವಾಗಬೇಕಾದರೆ ಅದು ಸುತ್ತಲಿನ ಸದ್ದಿಗಿಂತ ಸುಮಾರು ಹತ್ತು ಡೆಸಿಬಲ್ ಮೇಲಿರಬೇಕು. ಸಂಭ್ರಮದ ಗುಂಪು 95 ಡೆಸಿಬಲ್ ಕೂಗುತ್ತಿದ್ದರೆ ಕಿವಿಯ ಬಳಿ 105 ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿ ಆರು ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಗೇಟಿನ ಮೇಲೆ ನಾಲ್ಕು ದೈತ್ಯ ಸ್ಪೀಕರ್ ಕೂರಿಸಿದರೆ ಹತ್ತಿರದವರ ಕಿವಿ ಗಡಚಿಕ್ಕುತ್ತದೆ, ನೂರು ಮೀಟರ್ ಆಚೆಯವರಿಗೆ ಗೊಣಗಾಟ ಮಾತ್ರ ಕೇಳುತ್ತದೆ. ನಾವು ನೋಡಿದಂತೆ ಕೇಳಲೇಬೇಕಾದವರು ಆ ನೂರು ಮೀಟರ್ ಆಚೆಯವರೇ. ಉತ್ತರವೆಂದರೆ ರಸ್ತೆಯುದ್ದಕ್ಕೂ ಕಂಬಗಳಲ್ಲಿ ಮಧ್ಯಮ ಗಾತ್ರದ ಹಾರ್ನ್ ಸ್ಪೀಕರುಗಳು, ಪ್ರತಿಯೊಂದಕ್ಕೂ ದೂರಕ್ಕೆ ತಕ್ಕಂತೆ ಧ್ವನಿಯನ್ನು ತುಸು ತಡವಾಗಿ ಹೊರಡಿಸುವ ಹೊಂದಾಣಿಕೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಆ ಹೊಂದಾಣಿಕೆ ಇಲ್ಲದೆ ಎರಡು ಸ್ಪೀಕರ್ ನಡುವೆ 34 ಮೀಟರ್ ಇದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗದ ಪ್ರತಿಧ್ವನಿ ಏಳುತ್ತದೆ. ಅಷ್ಟು ಸಾಕು, ವಾಕ್ಯ ಕಲಸಿಹೋಗಲು.

ಇದನ್ನು ಅಳೆಯಲು ಎಸ್‌ಟಿಐ ಎಂಬ ಮಾಪನವಿದೆ. ಮಾತು ಎಷ್ಟು ಸ್ಪಷ್ಟವಾಗಿ ತಲುಪುತ್ತಿದೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಅದು ಹೇಳುತ್ತದೆ. ತುರ್ತು ಧ್ವನಿ ವ್ಯವಸ್ಥೆಗಳಿಗೆ ಸಾಮಾನ್ಯವಾಗಿ 0.5 ಕನಿಷ್ಠ ಮಿತಿ. ಟೆಂಡರಿನಲ್ಲಿ ವಾಟ್‌ಗಳನ್ನು ಬರೆಯುವ ಬದಲು, ಕ್ವೀನ್ಸ್ ರಸ್ತೆಯ ಈ ಜಾಗದಲ್ಲಿ, ಇಷ್ಟು ಗದ್ದಲದಲ್ಲಿ, 0.5 ಬರಬೇಕು ಎಂದು ಬರೆದರೆ ಕಳಪೆ ಬಿಡ್ಡುದಾರರು ತಾವಾಗಿಯೇ ಉದುರಿಹೋಗುತ್ತಾರೆ.

ಒಳಗಿನ ಧ್ವನಿಗೆ ಇನ್ನೊಂದು ಷರತ್ತು. ಜೂನ್ 4ರಂದು ಹೊರಗೆ ಜನ ಸಾಯುತ್ತಿದ್ದಾಗ ಒಳಗೆ ಕಾರ್ಯಕ್ರಮ ನಡೆಯಿತು, ಮೊಟಕಾಗಿಯಾದರೂ. ವೇದಿಕೆಯ ಸಂಗೀತ, ನಿರೂಪಕರ ಮೈಕು ಎಲ್ಲವೂ ಕಾರ್ಯಕ್ರಮ ನಡೆಸುವ ಕಂಪನಿಗಳ ಕೈಯಲ್ಲಿರುತ್ತವೆ; ಅವರ ಉಪಕರಣ ಬಾಡಿಗೆಯದು, ಆ ದಿನಕ್ಕೆ ತಂದದ್ದು. ತುರ್ತು ಧ್ವನಿ ಬಂದ ಕೂಡಲೇ ಬಾಡಿಗೆ ಉಪಕರಣದ ಸದ್ದು ತಾನಾಗಿ ಅಡಗಬೇಕು. ಆ ಸಂಪರ್ಕ ಜೋಡಿಸದ ಕಂಪನಿಗೆ ವೇದಿಕೆ ಹತ್ತಲು ಅನುಮತಿ ಕೊಡಬಾರದು. ವಿದ್ಯುತ್ತಿನ ವಿಷಯವೂ ಇಲ್ಲೇ ಬರುತ್ತದೆ. ಅದೇ ಜೂನ್ ಕೊನೆಯಲ್ಲಿ, ಅಗ್ನಿ ಸುರಕ್ಷತೆಯ ನಿಯಮ ಪಾಲನೆಯಾಗಿಲ್ಲ ಎಂಬ ಕಾರಣಕ್ಕೆ ಕ್ರೀಡಾಂಗಣದ ವಿದ್ಯುತ್ ಸಂಪರ್ಕವನ್ನೇ ಬೆಸ್ಕಾಂ ಕಡಿತಗೊಳಿಸಿತು. ಮುಖ್ಯ ವಿದ್ಯುತ್ ಹೋದರೂ ಮಾತನಾಡಬಲ್ಲ ಪ್ರತ್ಯೇಕ ಬ್ಯಾಟರಿ, ಬೆಂಕಿಗೆ ತಾಳುವ ಕೇಬಲ್, ಒಂದು ತಂತಿ ತುಂಡಾದರೆ ಇನ್ನೊಂದು ದಾರಿ ಇವಿಲ್ಲದ ಧ್ವನಿ ವ್ಯವಸ್ಥೆ ಹಾಡು ಹಾಕಲು ಸಾಕು, ಜೀವ ಉಳಿಸಲು ಸಾಲದು.

ಎಲ್‌ಇಡಿ ಫಲಕ ಕಿವುಡರಿಗಾಗಿ ಮಾತ್ರ ಎಂದುಕೊಳ್ಳಬಾರದು. ಅಷ್ಟು ಗದ್ದಲದಲ್ಲಿ ಎಲ್ಲರೂ ಅರೆಕಿವುಡರೇ. ಗೇಟಿನ ನೆತ್ತಿಯ ಮೇಲೆ ಹಸಿರು ಅಥವಾ ಕೆಂಪು, ಅದರ ಕೆಳಗೆ ಎರಡು ಸಾಲು. ಗೇಟು ತೆರೆದಿದೆಯೋ ಇಲ್ಲವೋ ಎಂಬುದನ್ನು ಹಿಂದಿನವನು ಮುಂದಿನವನ ತಲೆಗಳ ಮೇಲಿಂದ ನೋಡಿ ತಿಳಿಯುವಂತಿರಬೇಕು.

ಕೊನೆಯ ಕೊಂಡಿ ಮೆಟ್ರೊ. ನಿಯಂತ್ರಣ ಕೊಠಡಿಯಿಂದ ಮೆಟ್ರೊ ಕಾರ್ಯಾಚರಣೆ ಕೇಂದ್ರಕ್ಕೆ ನೇರ ದೂರವಾಣಿ ಇದ್ದು, ಸಾಂದ್ರತೆ ಏರಿದ ಕೂಡಲೇ ಕಬ್ಬನ್ ಪಾರ್ಕ್‌ನಲ್ಲಿ ರೈಲು ನಿಲ್ಲಿಸಬೇಡಿ ಎಂಬ ಒಂದು ಮಾತು ಹೋದರೆ, ರೈಲಿನೊಳಗಿನ ಪ್ರಕಟಣೆಯೇ ಸಾವಿರಾರು ಜನರನ್ನು ದಾರಿಯಲ್ಲೇ ತಿರುಗಿಸುತ್ತದೆ. ಖರ್ಚು ಒಂದು ತಂತಿಯದು. ಈ ಇಡೀ ಪಟ್ಟಿಯಲ್ಲಿ ಕೊಟ್ಟ ರೂಪಾಯಿಗೆ ಅತಿ ಹೆಚ್ಚು ಜೀವ ಉಳಿಸುವ ಬಾಬ್ತು ಇದೇ ಎಂದು ನಾನು ನಂಬುತ್ತೇನೆ.

ಮೈಕು ಯಾರ ಕೈಯಲ್ಲಿ

ಇಷ್ಟೆಲ್ಲ ಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮೊದಲ ಗುಂಡಿನ ದಾಳಿ ಬೆಳಿಗ್ಗೆ 7.15ರ ಸುಮಾರಿಗೆ ನಡೆಯಿತು. ವಿದ್ಯಾರ್ಥಿಗಳಿಗೆ ಇಮೇಲ್ ಹೋದದ್ದು 9.26ಕ್ಕೆ. ಹದಿನೈದು ನಿಮಿಷದೊಳಗೆ ಎರಡನೆಯ ದಾಳಿ ಆರಂಭವಾಗಿ, ಒಟ್ಟು 32 ಜನರ ಹತ್ಯೆಯಾಯಿತು. ಇಮೇಲ್ ವ್ಯವಸ್ಥೆ ಕೆಟ್ಟಿರಲಿಲ್ಲ. ಏನು ಹೇಳಬೇಕು, ಯಾವಾಗ ಹೇಳಬೇಕು ಎಂದು ಹಿರಿಯ ಅಧಿಕಾರಿಗಳ ಸಮಿತಿ ಸೇರಿ ತೀರ್ಮಾನಿಸುವುದರಲ್ಲಿ ಹೊತ್ತು ಹೋಯಿತು.

ಚಿನ್ನಸ್ವಾಮಿಯಲ್ಲಿ ಈ ತೊಡಕು ಇನ್ನೂ ಗೋಜಲು. ಮೈದಾನ ಕ್ರಿಕೆಟ್ ಸಂಸ್ಥೆಯದು, ಕಾರ್ಯಕ್ರಮ ತಂಡದ್ದು, ಏರ್ಪಾಟು ಕಾರ್ಯಕ್ರಮ ಸಂಸ್ಥೆಯದು, ರಸ್ತೆ ಪಾಲಿಕೆಯದು, ಬಂದೋಬಸ್ತು ಪೊಲೀಸರದು, ಅದೇ ದಿನ ಪಕ್ಕದ ವಿಧಾನಸೌಧದಲ್ಲಿ ನಡೆದ ತಂಡದ ಸನ್ಮಾನ ಸಮಾರಂಭ ಸರ್ಕಾರದ್ದು. ಇವರಲ್ಲಿ ಗೇಟು ಮುಚ್ಚಿದೆ, ಹಿಂದಿರುಗಿ ಎಂದು ಹೇಳುವ ಅಧಿಕಾರ ಯಾರಿಗೆ? ನನ್ನ ಉತ್ತರ: ನಿಯಂತ್ರಣ ಕೊಠಡಿಯಲ್ಲಿ ಪಾಳಿಯಲ್ಲಿರುವ ಒಬ್ಬ ಪೊಲೀಸ್ ಅಧಿಕಾರಿಗೆ, ಇನ್‌ಸ್ಪೆಕ್ಟರ್ ದರ್ಜೆಯವರಾದರೂ ಸಾಕು, ಯಾರನ್ನೂ ಕೇಳದೆ. ಪರವಾನಗಿ ಪತ್ರದಲ್ಲೇ ಅದು ಬರೆದಿರಬೇಕು. ಕಾರ್ಯಕ್ರಮ ರದ್ದಾದರೆ ನಷ್ಟ ಯಾರಿಗೆ ಎಂಬ ಲೆಕ್ಕಾಚಾರ ಆ ಕುರ್ಚಿಯ ಹತ್ತಿರ ಸುಳಿಯಬಾರದು. ಅವರು ಮಾತನಾಡಿದ ಕ್ಷಣದಿಂದ ತಂಡದ ಜಾಲತಾಣ ಖಾತೆಯೂ ಅದೇ ಮಾತನ್ನು ಹೇಳಬೇಕು. 44 ಲಕ್ಷ ಬಾರಿ ನೋಡಿಸಿಕೊಂಡ ಆ ಖಾತೆಯಷ್ಟು ಬಲವಾದ ಸ್ಪೀಕರ್ ಯಾವ ಕಂಪನಿಯೂ ಮಾಡುವುದಿಲ್ಲ.

ತಪ್ಪು ಮಾತಿನ ಅಪಾಯವೂ ನಿಜ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ರೈಲು ನಿಲ್ದಾಣದಲ್ಲಿ 18 ಜನ ಸತ್ತದ್ದಕ್ಕೆ, ಒಂದೇ ರೀತಿಯ ಹೆಸರಿನ ಎರಡು ಪ್ರಯಾಗರಾಜ್ ರೈಲುಗಳ ಪ್ರಕಟಣೆಯಿಂದ ಹುಟ್ಟಿದ ಗೊಂದಲವೂ ಕಾರಣ ಎಂದು ದೆಹಲಿ ಪೊಲೀಸರು ಹೇಳಿದ್ದರು. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಎಲ್ಲರ ಫೋನಿಗೂ ಹೋಯಿತು. ಅದು ಸುಳ್ಳು ಎಂಬ ಸಂದೇಶ ಫೋನುಗಳನ್ನು ತಲುಪಲು 38 ನಿಮಿಷ ಬೇಕಾಯಿತು. ತಿದ್ದುಪಡಿಗೆ ಸಿದ್ಧ ಮಾದರಿಯೇ ಇರಲಿಲ್ಲ. ಆದ್ದರಿಂದ ಮಾತುಗಳನ್ನು ಮೊದಲೇ ಬರೆದಿಡಬೇಕು, ರದ್ದತಿಯ ಮಾತನ್ನೂ ಸೇರಿಸಿ.

ಬರೆಯುವಾಗ ಕ್ರಿಯಾಪದ ಮತ್ತು ದಿಕ್ಕು ಎದ್ದು ಕಾಣಬೇಕು. 'ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ' ಎಂಬ ಮಾತಿನಿಂದ ಯಾರೂ ಕಾಲು ಎತ್ತುವುದಿಲ್ಲ. ನಾನು ಇಡುವ ಮಾದರಿ ಹೀಗಿದೆ: 'ಇದು ಪೊಲೀಸ್ ಪ್ರಕಟಣೆ. ಕ್ರೀಡಾಂಗಣ ತುಂಬಿದೆ. ಗೇಟ್ ತೆರೆಯುವುದಿಲ್ಲ. ಮುಂದೆ ಜನರಿಗೆ ಉಸಿರು ಕಟ್ಟುತ್ತಿದೆ. ಹಿಂದೆ ಇರುವವರು ತಿರುಗಿ ಎಂ.ಜಿ. ರಸ್ತೆಯ ಕಡೆಗೆ ನಡೆಯಿರಿ.' ಎಂ.ಜಿ. ರಸ್ತೆ ಎಂಬ ಮಾತು ಪ್ರತಿ ಗೇಟಿಗೂ ಬದಲಾಗಬೇಕು. ಸ್ಪೀಕರುಗಳನ್ನು ವಲಯಗಳಾಗಿ ವಿಂಗಡಿಸುವುದು ಅದಕ್ಕಾಗಿಯೇ. ಉಸಿರಿನ ವಾಕ್ಯವನ್ನು ತೆಗೆಯಿರಿ, ಗಾಬರಿಯಾಗುತ್ತದೆ ಎನ್ನುವವರಿದ್ದಾರೆ. ನಾನು ತೆಗೆಯುವುದಿಲ್ಲ. ಕಾರಣ ತಿಳಿದ ಮನುಷ್ಯ ಜಾಗ ಬಿಡುತ್ತಾನೆ, ಅಪ್ಪಣೆ ಮಾತ್ರ ಕೇಳಿದವನು ಅಲ್ಲೇ ನಿಂತು ವಾದಿಸುತ್ತಾನೆ. ಮೊದಲು ಕನ್ನಡ, ಕೂಡಲೇ ಇಂಗ್ಲಿಷ್, ನಂತರ ಹಿಂದಿ, ತಮಿಳು, ತೆಲುಗು. ಆ ಗುಂಪಿನಲ್ಲಿ ಹೊರ ರಾಜ್ಯಗಳಿಂದ ಬಂದವರೂ ಇದ್ದರು.

ಇನ್ನು ಒಪ್ಪಿಸಿಕೊಳ್ಳುವ ಪರೀಕ್ಷೆ. ಖಾಲಿ ಮೈದಾನದಲ್ಲಿ ಹಗಲು ಹೊತ್ತು ಮೈಕಿನಲ್ಲಿ 'ಹಲೋ, ಹಲೋ' ಎಂದು ಹೇಳಿ ಸಹಿ ಹಾಕಿಸಿಕೊಳ್ಳುವುದಕ್ಕೆ ಒಪ್ಪಬಾರದು. ಜನ ತುಂಬಿದ ಪಂದ್ಯದ ಸಂಜೆ, ಗೇಟುಗಳ ಮುಂದೆ ಸಾಲು ನಿಂತಿರುವಾಗ, ಯಾರಿಗೂ ಗಾಬರಿಯಾಗದ ಒಂದು ಸಾದಾ ಸೂಚನೆಯನ್ನು ಪ್ರಸಾರ ಮಾಡಬೇಕು. 'ಹನ್ನೆರಡನೇ ಗೇಟಿನವರು ಎಡಬದಿಯ ಸಾಲಿಗೆ ಬನ್ನಿ' ಎನ್ನುವಂಥದ್ದು. ಮೆಟ್ರೊ ಮೆಟ್ಟಿಲ ಬಳಿ, ಕುಂಬ್ಳೆ ವೃತ್ತದಲ್ಲಿ, ಕ್ವೀನ್ಸ್ ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತ ಅಪರಿಚಿತರನ್ನು ತಡೆದು, ಈಗ ಏನು ಹೇಳಿದರು ಎಂದು ಕೇಳಬೇಕು. ಆಗಲೇ ಕ್ಯಾಮೆರಾ ಕೊಠಡಿಯಿಂದ ಮೆಟ್ರೊ ಕೇಂದ್ರಕ್ಕೆ ಕರೆ ಹೋಗಿ, ಅತ್ತ ಫೋನ್ ಎತ್ತುವವರು ಇದ್ದಾರೆಯೇ ಎಂಬುದನ್ನೂ ನೋಡಬೇಕು. ಕೇಳಿದ ಹತ್ತರಲ್ಲಿ ಕನಿಷ್ಠ ಒಂಬತ್ತು ಜನರಾದರೂ ಮಾತನ್ನು ಸರಿಯಾಗಿ ತಿರುಗಿ ಹೇಳದಿದ್ದರೆ ಗುತ್ತಿಗೆದಾರರ ಕೊನೆಯ ಕಂತನ್ನು ತಡೆಹಿಡಿದು, ಸ್ಪೀಕರುಗಳ ಜಾಗ ಬದಲಿಸಿ, ಮುಂದಿನ ಪಂದ್ಯದ ದಿನ ಮತ್ತೆ ಪರೀಕ್ಷಿಸಬೇಕು.